ಮೋಟರ್ ಹಾಕುವ ಪಾಳಿ

ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪಾರ್ಲರಿನ ಬೇಸಿನ್ನಿಗೆ ತಲೆಯೊಡ್ಡಿ ಮಲಗಿದ್ದ ಗಿರಾಕಿ ಕಣ್ಣು ಬಿಟ್ಟಳು. ಅವಳ ಕೂದಲ ತುಂಬ ಕಪ್ಪು ಬಣ್ಣ ಮೆತ್ತಿತ್ತು.

"ಏನಾಯ್ತು?"

"ಟ್ಯಾಂಕ್ ಖಾಲಿ ಆದಂಗಿದೆ ಮೇಡಂ. ಕರೆಂಟ್ ಬಂದ ತಕ್ಷಣ ಮೋಟರ್ ಹಾಕ್ತೀನಿ. ಈಗ ಬಂದ್ಬಿಡುತ್ತೆ."

"ಕರೆಂಟ್ ಈಗ ಬರುತ್ತೆ, ಈಗ ಬರುತ್ತೆ ಅಂತ ಆಗ್ಲಿಂದ ಹೇಳ್ತಿದೀರ. ಮಧ್ಯಾಹ್ನ ಇಂಟರ್‌ವ್ಯೂ ಇದೆ ನಂಗೆ. ಮಕ್ಕಳು ದೊಡ್ಡವರಾದ್ರು ಅಂತ ಈಗ ಕೆಲಸಕ್ಕೆ ಹೊರಟಿದೀನಿ. ತಲೆ ಉರೀತಿದೆ ಕಣ್ರೀ!"

ಪಾರ್ಲರಿನವಳು ಮತ್ತೆ ದೂರಿನ ನಂಬರಿಗೆ ಫೋನ್ ಮಾಡಿದಳು. ಒಂದನ್ನು ಒತ್ತಿದಳು, ಮೂರನ್ನು ಒತ್ತಿದಳು, ಸಂಗೀತ ಕೇಳಿದಳು. ಕೊನೆಗೆ ರೆಕಾರ್ಡಾದ ದನಿಯೊಂದು ಬೆಣ್ಣೆಯಂತೆ ಹೇಳಿತು: "ನಿಮ್ಮ ಬಡಾವಣೆಯಲ್ಲಿ ಯಾವುದೇ ವಿದ್ಯುತ್ ವ್ಯತ್ಯಯ ಇಲ್ಲ."

"ಇಲ್ವಂತೆ! ಹಾಗಾದ್ರೆ ಈ ಕತ್ತಲೆ ನಾನು ತೌರಿಂದ ತಂದಿದ್ದಾ?"

ಎದುರು ಸಾಲಿನ ಜೆರಾಕ್ಸ್ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ಅಂದರೆ ಕೆಟ್ಟಿರುವುದು ಈ ಸಾಲಿನ ಕಂಬ ಮಾತ್ರ. ಲೈನ್‌ಮನ್ ಫೋನೇನೋ ಎತ್ತಿದ. "ಬೆಳಿಗ್ಗೆಯಿಂದ ಕಂಬದ ಮೇಲೇ ಸಂಸಾರ ಮಾಡ್ತಿದೀನಿ ಅಕ್ಕಾ. ಬರ್ತೀನಿ," ಎಂದು ಇಟ್ಟುಬಿಟ್ಟ.

ಮಹಡಿಯ ಮನೆಯಲ್ಲಿ ನೀರಿತ್ತು. ಅದು ಅವಳಿಗೆ ಮೊದಲೇ ಹೊಳೆದಿತ್ತು. ಹೊಳೆದದ್ದಕ್ಕೇ ಇಷ್ಟು ಹೊತ್ತು ಫೋನು ಒತ್ತುತ್ತಿದ್ದಳು. ಮೇಲಿದ್ದವಳು ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಬಚ್ಚಲ ತುಂಬ ಡ್ರಮ್ಮು, ಬಕೆಟ್ಟು ತುಂಬಿಸಿಟ್ಟರೇ ಅವಳಿಗೆ ನಿದ್ದೆ. ಮೋಟರ್ ಹಾಕುವ ಪಾಳಿಯ ವಿಷಯಕ್ಕೆ ಜಗಳವಾಗಿ ಇಬ್ಬರಿಗೂ ಮಾತು ನಿಂತು ಹೋಗಿ ಈ ಬೇಸಿಗೆಗೆ ವರ್ಷವಾಗಿತ್ತು. ಇವತ್ತಿನ ಪಾಳಿ ತನ್ನದೇ. ಬೆಳಿಗ್ಗೆ ಮರೆತಿದ್ದಳು.

ಗಿರಾಕಿ ಸದ್ದಿಲ್ಲದೆ ಅಳತೊಡಗಿದಳು. ಪಾರ್ಲರಿನವಳು ಫೋನನ್ನು ಕುರ್ಚಿಯ ಮೇಲೆ ಬಿಸಾಡಿ ಮೆಟ್ಟಿಲು ಹತ್ತಿದಳು. ತಟ್ಟುವ ಮೊದಲೇ ಬಾಗಿಲು ತೆರೆಯಿತು.

"ಅಕ್ಕಾ, ಎರಡು ಬಕೆಟ್ ನೀರು..."

"ಆ ರೆಕಾರ್ಡಿನವಳ ಹತ್ರ ಗಂಟೆಗಟ್ಲೆ ಗೋಗರೀತೀಯ. ನಾಲ್ಕು ಮೆಟ್ಟಿಲು ಹತ್ತೋಕೆ ಕಾಲು ಸವೆಯುತ್ತಾ ನಿಂಗೆ?" ಓರಗಿತ್ತಿಯ ಎರಡೂ ಕೈಯಲ್ಲಿ ತುಂಬಿದ ಬಕೆಟ್ಟುಗಳಿದ್ದವು. "ದಾರಿ ಬಿಡು, ಚೆಲ್ಲುತ್ತೆ."

ಒಬ್ಬಳು ನೀರು ಹೊಯ್ದಳು, ಇನ್ನೊಬ್ಬಳು ತಿಕ್ಕಿದಳು.

"ಕಿವಿ ಹಿಂದೆ ಉಳಿದಿದೆ ನೋಡು."

"ಗೊತ್ತು."

"ಗೊತ್ತಿದ್ರೆ ತಿಕ್ಕು." ತಡೆಯಲಾರದೆ ಓರಗಿತ್ತಿ ತಾನೇ ಬರಿಗೈ ಹಾಕಿದಳು. ಇವಳೂ ಗ್ಲೌಸ್ ಹರಿದದ್ದನ್ನು ಲೆಕ್ಕಿಸದೆ ತಿಕ್ಕಿದಳು. ಬಕೆಟ್ಟುಗಳು ಖಾಲಿಯಾದವು, ಮೇಲಿನಿಂದ ಮತ್ತೆರಡು ಬಂದವು. ನೀರು ತಿಳಿಯಾಯಿತು.

"ಡ್ರೈಯರ್ ಇಲ್ಲ ಮೇಡಂ..."

"ಗಾಳಿಗೆ ಒಣಗುತ್ತೆ ಬಿಡ್ರೀ," ಎಂದು ಗಿರಾಕಿ ಹೆಗಲ ಮೇಲೆ ಟವೆಲ್ಲು ಹೊದ್ದೇ ಆಟೋ ಹಿಡಿದಳು.

ಕರೆಂಟು ಬಂದಿರಲಿಲ್ಲ. ಒಳಗೆ ಸೆಕೆ ತಾಳಲಾರದೆ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ಓರಗಿತ್ತಿ ಕೈ ತಿರುಗಿಸಿ ಉಗುರು ನೋಡಿಕೊಂಡಳು.

"ಇದು ಹೋಗುತ್ತಾ?"

"ನಾಲ್ಕು ದಿನ ಇರುತ್ತೆ."

"ಕರ್ಮ," ಎಂದಳು ಓರಗಿತ್ತಿ. ಆದರೆ ಏಳಲಿಲ್ಲ. ನಾಲ್ಕು ಕಪ್ಪು ಕೈಗಳು ಮಂಡಿಯ ಮೇಲೆ ಬಿಸಿಲಿಗೆ ಒಣಗುತ್ತಿದ್ದವು.