ಐದಕ್ಕೆ ಐದು

ಮತ್ತೆ ಆ ಕೈ ಮೇಲೇಳುತ್ತಿದೆ, ಅಡುಗೆಮನೆ ಕಿಟಕಿಯ ಸರಳುಗಳಾಚೆ ಐದು ಬೆರಳು, ಗೇಟಿನ ಹತ್ತಿರ ನಿಂತ ಹೂವಿನ ಮುನಿಯಮ್ಮನಿಗೂ ತೋರಿಸಬೇಕೇ ಈ ಮನುಷ್ಯ, ಅವಳಿಗೂ ಬೇಕೇ ಇವರ ರಕ್ತದ ಲೆಕ್ಕ, ಐದು ಬಂತಮ್ಮ, ಐದಕ್ಕೆ ಐದು, ಡಾಕ್ಟ್ರೇ ಹೇಳಿದ್ರು — ಅವಳೋ ಪಾಪ, ಒಳ್ಳೇದಾಯ್ತು ಬುಡಿ ಮೇಷ್ಟ್ರೇ ಎಂದು ಅರ್ಧ ಮೊಳ ಮಲ್ಲಿಗೆ ಹೆಚ್ಚಿಗೇ ಅಳೆದುಕೊಟ್ಟಳು, ಆಂಡಾಳ್‌ಗೆ ಮೈಯೆಲ್ಲ ಉರಿಯಿತು. ಎಣ್ಣೆ ಹಾಕುವಂತಿಲ್ಲ, ತುಪ್ಪ ಹಾಕುವಂತಿಲ್ಲ, ಬೇಯಿಸಿದ ಸೋರೆಕಾಯಿಗೆ ರುಚಿ ಎಲ್ಲಿಂದ ತರುವುದು, ಉಪ್ಪು ಹಾಕಿದೆನೋ ಇಲ್ಲವೋ, ಹಾಳಾಗಲಿ, ಇನ್ನೊಂದು ಚಿಟಿಕೆ. ಬದುಕಿಡೀ ಹೈಸ್ಕೂಲಿನಲ್ಲಿ ಗಣಿತ ಹೇಳಿದ ಗಂಡ, ವೇಣುಗೋಪಾಲ್ ಮೇಷ್ಟ್ರು, ಮಲ್ಲೇಶ್ವರದಲ್ಲಿ ಯಾವ ಮಗು ಎದುರಾದರೂ ಮೊದಲ ಪ್ರಶ್ನೆ ಎಷ್ಟು ಮಾರ್ಕ್ಸು, ಎರಡನೆಯದು ಎಷ್ಟಕ್ಕೆ, ಅಂಥವರ ಮುಂದೆ ಆ ಡಾಕ್ಟರ್ ಹುಡುಗಿ ದೀಪ್ತಿ, ಪಿತ್ತನಾಳದ ಕ್ಯಾನ್ಸರ್ ಗೆಡ್ಡೆ ತೆಗೆದ ಮೇಲಿನ ರಿಪೋರ್ಟ್ ನೋಡುತ್ತ, ನಿಮ್ಮ ಇಮ್ಯೂನ್ ಮಾರ್ಕರ್ ಐದು ಬಂದಿದೆ ಸರ್ ಎನ್ನಬೇಕೇ, ಇವರ ಕಿವಿಗೆ ಬಿದ್ದದ್ದು ಮಾರ್ಕು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಎದ್ದು ಕೂತರು, ಎಷ್ಟಕ್ಕಮ್ಮಾ, ಅವಳು ತಮಾಷೆಯೆಂದುಕೊಂಡು ನಕ್ಕಳು, ಆ ನಗುವನ್ನೇ ಇವರು ಪೂರ್ತಿ ಅಂಕ ಮಾಡಿಕೊಂಡರು. ಕಾರಿಡಾರಿನಲ್ಲಿ ಓಡಿಹೋಗಿ ಕೇಳಿದವಳು ಆಂಡಾಳ್ — ಐದು ಅಂದ್ರೆ ಏನಮ್ಮಾ, ರಕ್ತದಲ್ಲಿ ಎರಡು ಥರದ ಬಿಳಿ ಕಣ ಇರುತ್ತೆ ಆಂಟಿ, ಒಂದನ್ನ ಇನ್ನೊಂದ್ರಿಂದ ಭಾಗಿಸ್ತೀವಿ, ಆಪರೇಷನ್ ಆದ್ಮೇಲೆ ಪೇಷೆಂಟು ಎಷ್ಟು ಕಾಲ ಇರ್ತಾರೆ ಅಂತ ಒಂದು ಅಂದಾಜು, ಕಡಿಮೆ ಇದ್ದಷ್ಟೂ ಒಳ್ಳೇದು, ಐದು ಸ್ವಲ್ಪ ಜಾಸ್ತೀನೇ, ಬರೀ ಅಂದಾಜು ಆಂಟಿ, ಗಾಬರಿಯಾಗ್ಬೇಡಿ. ಅಂದಾಜಂತೆ! ಅಂದಾಜಾದರೆ ಬಾಯಿ ಮುಚ್ಚಿಕೊಂಡಿರಬಾರದಿತ್ತೇ, ಮನೆಗೆ ಬಂದ ಕೂಡಲೇ ತಾನಾದರೂ ಇವರಿಗೆ ಹೇಳಿಬಿಡಬೇಕಿತ್ತು, ತಾನು ಬಾಯಿ ತೆರೆದಾಗಲೆಲ್ಲ ಇವರು ಯಾರಿಗೋ ಫೋನು ಹಚ್ಚಿರುತ್ತಿದ್ದರು, ಫೋನಿನಲ್ಲೂ ಕೈಯೆತ್ತಿ ಐದು ಬೆರಳು ತೋರಿಸುತ್ತಿದ್ದರು, ಅತ್ತ ಕಡೆಯವರಿಗೆ ಕಾಣುತ್ತದೆಯೇ, ಕರ್ಮ.

ಗೇಟು ಕಿರುಗುಟ್ಟಿತು, ಇನ್ಯಾರು, ಶ್ರೀನಿವಾಸಯ್ಯ, ಇವರ ವಾಕಿಂಗ್ ಗೆಳೆಯ, ಕಣ್ಣು ಹಳದಿಯಾದಾಗ ಬರೀ ಕಾಮಾಲೆ ಕಣಯ್ಯ, ನೆಲನೆಲ್ಲಿ ಕುಡಿ ಸಾಕು ಎಂದು ವಾರಗಟ್ಟಲೆ ಡಾಕ್ಟರ ಹತ್ತಿರ ಹೋಗಗೊಡದ ಪುಣ್ಯಾತ್ಮ, ಈಗ ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ, ರಿಸಲ್ಟ್ ಬಂತಂತಲ್ಲ ಮೇಷ್ಟ್ರೇ, ಸಿಹಿ ಬೇಡ್ವೇ, ತುಪ್ಪ ಕಾಗದಕ್ಕೆಲ್ಲ ಹತ್ತಿದೆ, ತಿಂದರೆ ಈ ಮನುಷ್ಯ ನಾಳೆ ಹಾಸಿಗೆ ಬಿಟ್ಟೇಳುವುದಿಲ್ಲ, ಸಾಕು, ಸಾಕಾಯಿತು, ಇವತ್ತು ಹೇಳಿಯೇ ತೀರುವುದು, ಐದು ಅಂದರೆ ಪಾಸಲ್ಲ ರೀ, ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ, ಫೇಲು — ಸೌಟು ಹಿಡಿದೇ ಜಗಲಿಗೆ ಬಂದಳು. ಏನಮ್ಮಾ ಆಂಡಾಳಮ್ಮ, ಇವನು ಹೇಳೋದು ನಿಜವೋ, ಎಷ್ಟು ಬಂತು ನೀವೇ ಹೇಳಿ, ಎಂದರು ಶ್ರೀನಿವಾಸಯ್ಯ. ಇವರು ತಿರುಗಿದರು. ಪಂಚೆ ಸೊಂಟದಲ್ಲಿ ನಿಲ್ಲುತ್ತಿಲ್ಲ, ಒಂದು ಕೈಯಲ್ಲಿ ಹಿಡಿದುಕೊಂಡಿದ್ದಾರೆ, ಕತ್ತಿನ ಮೂಳೆ ಎದ್ದಿದೆ, ಬಾಯಿ ನಗುತ್ತಿದೆ, ಕಣ್ಣು ನಗುತ್ತಿಲ್ಲ, ಉತ್ತರಪತ್ರಿಕೆ ಕೊಡುವ ದಿನ ಹುಡುಗರು ಇವರ ಮೇಜಿನ ಮುಂದೆ ನಿಲ್ಲುತ್ತಿದ್ದ ಹಾಗೆ ನಿಂತಿದ್ದಾರೆ, ಅವಳ ಬಾಯಿಯನ್ನೇ ನೋಡುತ್ತ — ಗೊತ್ತೇ ಇವರಿಗೆ, ಭಾಗಾಕಾರ ಕಲಿಸಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ, ಇಲ್ಲ, ಗೊತ್ತಿಲ್ಲ, ಗೊತ್ತಾಗಬಾರದು, ದೇವರೇ, ಎಂಥ ಸಂಕಟಕ್ಕೆ ಸಿಕ್ಕಿಸಿದಿರಿ ರೀ ನನ್ನನ್ನು — ಸೌಟು ಎಡಗೈಗೆ ಹೋಯಿತು, ಬಲಗೈ ಮೇಲೆದ್ದಿತು, ಬಳೆ ಮೊಣಕೈವರೆಗೆ ಜಾರಿತು, ಇವರ ಮುಖ ಅರಳಿತು, ಕೈ ಇಳಿಸಬೇಕು, ಇಳಿಸಬೇಕು, ಇಳಿಯುತ್ತಿಲ್ಲ, ಐದು ಬೆರಳು, ಅವಳವೇ, ಐದು ಬೆರಳು