ಕಲ್ಲು ಒಂದು ಮೊಳ ಸರಿದಾಗ

ಮೂರು ದಿನದಿಂದ ನಮ್ಮ ಮನೆಯ ನೆಲ ನಮ್ಮದಾಗಿರಲಿಲ್ಲ. ಮಗಳು ಕೆಲಸ ಮಾಡುವ ಅನಿಲಬಾವಿಯ ಕಾಗದದ ಸುರುಳಿ ಮುಂಬಾಗಿಲಿನಿಂದ ಬಚ್ಚಲಿನವರೆಗೆ ಹಾಸಿಕೊಂಡಿತ್ತು. ಬಾವಿಯೊಳಗೆ ಇಳಿಸಿದ ಉಪಕರಣ ಎಳೆದ ಗೀಟುಗಳು ಅದರ ತುಂಬ. ಒಂದು ಮೊಳ ಕಾಗದವೆಂದರೆ ನೆಲದಡಿ ಒಂಬತ್ತು ಮೀಟರು; ಬಚ್ಚಲಿನ ಕಡೆ ಹೋದಷ್ಟೂ ಆಳ. ಪಕ್ಕದಲ್ಲಿ ಅದೇ ಬಾವಿಯಿಂದ ಕೊರೆದು ತೆಗೆದ ಮರಳುಗಲ್ಲಿನ ತುಂಡುಗಳು, ಪ್ರತಿಯೊಂದೂ ತನ್ನ ಆಳದ ಎದುರಿಗೆ.

ಗೀಟು ‘ಇಲ್ಲಿ ಅನಿಲವಿದೆ’ ಎನ್ನುತ್ತಿದ್ದ ಕಡೆ ಕೂತ ಕಲ್ಲು ಅನಿಲಕ್ಕೆ ಸೂಜಿಮೊನೆಯಷ್ಟೂ ಜಾಗ ಕೊಡದ ಜಿಪುಣ. ಎರಡೂ ಒಂದೇ ಮಾತು ಹೇಳದಿದ್ದರೆ ನಾಳೆ ಬಾವಿಗೆ ಸಿಮೆಂಟು ಸುರಿದು ಮುಚ್ಚುವುದೆಂದು ಮೇಲಧಿಕಾರಿ ಹೇಳಿದ್ದರು. ಅಲ್ಲಿ ಅನಿಲವಿದೆಯೆಂದು ಪಟ್ಟು ಹಿಡಿದವಳು ನನ್ನ ಮಗಳೊಬ್ಬಳೇ. ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ.

ಮನೆಯಲ್ಲಿ ಎಲ್ಲರಿಗೂ ಆಳದ ಲೆಕ್ಕದಲ್ಲೇ ಮಾತಾಡುವುದು ರೂಢಿಯಾಗಿತ್ತು.

“ಅಪ್ಪ ಎಲ್ಲಮ್ಮಾ?”

“ಮೂರು ಸಾವಿರದ ನೂರರಲ್ಲಿ ಪೇಪರ್ ಓದ್ತಿದಾರೆ.”

“ಕಾಲು ಎತ್ಕೊಳ್ಳೋಕೆ ಹೇಳು. ಮುಖ್ಯವಾದ ಪದರ ಅದು.”

“ಈ ಮನೇಲಿ ನನಗಿಂತ ಕಲ್ಲಿಗೇ ಮರ್ಯಾದೆ ಜಾಸ್ತಿ,” ಎಂದರು ನನ್ನ ಯಜಮಾನರು, ಕಾಲು ಎತ್ತಿಕೊಂಡೇ.

ಅವಳು ಸ್ನಾನಕ್ಕೆ ಹೋದಾಗ ಅವರ ಕೈಯಿಂದ ಹಾಲಿನ ಲೋಟ ಜಾರಿತು. ನೆಲ ಒರೆಸಲು ನಾನು ಕಲ್ಲುಗಳನ್ನು ಸಾಲು ತಪ್ಪದಂತೆ ಮುಂಬಾಗಿಲ ಕಡೆಗೆ ಒಂದು ಮೊಳ ಸರಿಸಿದೆ.

ತಲೆ ಒರೆಸಿಕೊಳ್ಳುತ್ತ ಬಂದವಳು ಹಾಗೇ ನಿಂತಳು. ಬೈಯುತ್ತಾಳೆಂದು ಕಾದೆ. ಅವಳು ಮಂಡಿಯೂರಿ ಒಂದೊಂದೇ ತುಂಡು ನೋಡಿದಳು. ಸಣ್ಣ ರಂಧ್ರಗಳಿದ್ದ ಕಲ್ಲು ಈಗ ಅನಿಲದ ಗೀಟಿನ ಎದುರಿತ್ತು. ಜಿಪುಣ ಕಲ್ಲು ಬರಡು ಗೀಟಿನ ಎದುರು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಹೊಂದಿತ್ತು.

“ಒಂದು ಮೊಳ. ಅಂದ್ರೆ ಒಂಬತ್ತು ಮೀಟರ್, ಸರಿಯಾಗಿ ಒಂದು ಪೈಪಿನುದ್ದ,” ಎಂದವಳೇ ಬಾವಿ ಕೊರೆಯುವ ಮೇಸ್ತ್ರಿಗೆ ಫೋನು ಮಾಡಿದಳು. “ಅಣ್ಣಾ, ಕಲ್ಲು ತೆಗೆದಾಗ ಆಳ ಹೇಗೆ ಲೆಕ್ಕ ಹಾಕಿದ್ರಿ?”

“ಪೈಪು ಎಣಿಸಿ. ಪಟ್ಟಿ ಇದೆಯಲ್ಲಮ್ಮ.”

“ಪಟ್ಟಿಯಲ್ಲಿರೋದೆಲ್ಲ ಬಾವಿಗೆ ಇಳಿದಿದೆಯಾ?”

“ಒಂದರ ಮೇಲೆ ನಾವು ಕೂತಿದೀವಿ. ಟೀ ಕುಡಿಯೋಕೆ ಬೆಂಚು ಬೇಕಲ್ಲ.”

“ಅಂದ್ರೆ ಇಷ್ಟು ದಿನ ನೀವೆಲ್ಲ ಮೂರು ಸಾವಿರ ಮೀಟರ್ ಆಳದಲ್ಲಿ ಟೀ ಕುಡೀತಿದ್ರಿ.”

“ಅದಕ್ಕೇ ನಮ್ಮ ಮಾತು ಮೇಲಿನೋರಿಗೆ ಕೇಳಿಸ್ತಿರಲಿಲ್ಲ.”

ಸಂಜೆಯೊಳಗೆ ಮೇಲಧಿಕಾರಿ ಸಿಮೆಂಟಿನ ಲಾರಿ ಬೇಡವೆಂದರು. ಆ ಬೆಂಚನ್ನು ಮಾತ್ರ ಸಾಕ್ಷಿಗೆಂದು ತಮ್ಮ ಕೋಣೆಗೆ ತರಿಸಿಕೊಂಡರಂತೆ. ಈಗ ಬಾಗಿಲು ಮುಚ್ಚುತ್ತಿಲ್ಲವಂತೆ.

ಮಗಳು ಎರಡು ಸಲ ಬಡಿಸಿಕೊಂಡು ಉಂಡಳು. ಆಮೇಲೆ ಕಾಗದ ಸುತ್ತಿಡಲು ಕೂತವಳು ಅದರ ಮೇಲೆಯೇ ನಿದ್ದೆಹೋದಳು. ನಾನು ಮೂರು ಸಾವಿರದ ನೂರಕ್ಕೆ ಹೋಗಿ, ಅವಳ ತಲೆ ಎತ್ತಿ, ಒಂದು ದಿಂಬು ಕೊಟ್ಟೆ.