ಒಂದು ಒತ್ತಿನ ಜಾಗ

“ಓದಿದ್ದು ಸಾಕು ಸಾರ್,” ಎಂದು ಮಗಳು ಸ್ಮಾರಕ ಸಮಿತಿಯ ಕಾರ್ಯದರ್ಶಿಯ ಕೈಯಿಂದ ಕಾಗದ ಕಿತ್ತುಕೊಂಡಳು.

ಅಪ್ಪನ ಹೆಣ ನಡುಮನೆಯಲ್ಲಿತ್ತು. ಶತ್ರುಸೈನ್ಯ ನುಗ್ಗಿದ ದಿನ ಸೇತುವೆ ಕಾದ ವೀರ, ಊರಿನ ಹೆಮ್ಮೆ ಎಂದೆಲ್ಲ ಕಾರ್ಯದರ್ಶಿ ಹಾಡಿ ಹೊಗಳುತ್ತಿದ್ದ. ಮೊನ್ನೆ ಮೊನ್ನೆಯವರೆಗೆ ಇದೇ ಮಹಾನುಭಾವ ಆ ವೀರನನ್ನು ಕಚೇರಿ ಬಾಗಿಲಲ್ಲೇ ನಿಲ್ಲಿಸಿ, ನಾಳೆ ಬಾ ಎಂದು ಸಾಗಹಾಕುತ್ತಿದ್ದ. ಮಗಳಿಗೆ ಮೈಯೆಲ್ಲ ಉರಿಯಿತು.

“ಇವತ್ತೊಂದು ದಿನ ತಾಳ್ಕೋ ಮಗಾ,” ಎಂದ ಚಿಕ್ಕಪ್ಪ.

“ನಲವತ್ತು ವರ್ಷ ಅಪ್ಪನೂ ಹೀಗೇ ತಾಳ್ಕೊಂಡಿದ್ದು ಚಿಕ್ಕಪ್ಪ. ಏನು ಸಿಕ್ತು?”

ಗೋಡೆಗೊರಗಿ ಕೂತಿದ್ದ ದರ್ಜಿ ಅಜ್ಜಿ ತಲೆ ಎತ್ತಲಿಲ್ಲ. ಅಂದು ಸೇತುವೆಯ ಮೇಲೆ ಗುಂಡು ತಿಂದ ಅಪ್ಪನನ್ನು ಹೆಗಲ ಮೇಲೆ ಹೊತ್ತು ತಂದು ಉಳಿಸಿದ್ದು ಈಕೆಯ ಗಂಡ. ಇನ್ನೊಬ್ಬನನ್ನು ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ.

*

ಅಪ್ಪ ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ಯುದ್ಧ ಮುಗಿದ ಮೇಲೆ ಸ್ಮಾರಕದಲ್ಲಿ ಸತ್ತವರ ಹೆಸರು ಕೆತ್ತುವ ಕೆಲಸ ಅವನ ಪಾಲಿಗೇ ಬಂತು. ಕಚೇರಿ ಕೊಟ್ಟ ಪಟ್ಟಿಯಲ್ಲಿ ತನ್ನನ್ನು ಹೊತ್ತು ತಂದ ಗೆಳೆಯನ ಹೆಸರಿನ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು.

“ಪಟ್ಟಿಲಿ ಇದ್ದ ಹಾಗೆ ಕೆತ್ತಪ್ಪ, ಆಮೇಲೆ ಸರಿ ಮಾಡೋಣ,” ಎಂದರು ಕಚೇರಿಯವರು. ಆ ಆಮೇಲೆ ಬರಲೇ ಇಲ್ಲ. ಅರ್ಜಿ ಹಿಡಿದು ಅಲೆದೂ ಅಲೆದೂ ಅಪ್ಪನ ಚಪ್ಪಲಿ ಸವೆಯಿತು. “ಅದು ಯಾರ ಹೆಸರೋ, ನಮ್ಮವರದ್ದಲ್ಲ,” ಎಂದ ದರ್ಜಿ ಅಜ್ಜಿ ಸ್ಮಾರಕದ ಕಡೆ ತಲೆಯಿಟ್ಟೂ ಮಲಗಲಿಲ್ಲ.

ಉಳಿ ಹಿಡಿಯಲು ಕಲಿಯುತ್ತಿದ್ದಾಗ ಮಗಳು ಕೇಳಿದ್ದಳು: “ಅಪ್ಪಾ, ಅದೊಂದು ಸಾಲಿನ ಕೆಳಗೆ ಯಾಕೆ ಅಷ್ಟು ಜಾಗ ಬಿಟ್ಟೆ? ನೋಡಿದೋರು ನಗ್ತಾರೆ.”

“ನಗ್ಲಿ ಬಿಡು,” ಎಂದಿದ್ದ ಅಪ್ಪ.

*

ಹೂಗುಚ್ಛ ಇಡಬೇಕೆಂದು ಕಾರ್ಯದರ್ಶಿಯೇ ಶವದ ಗಾಡಿಯನ್ನು ಸ್ಮಾರಕದ ಮುಂದೆ ನಿಲ್ಲಿಸಿದ. ದರ್ಜಿ ಅಜ್ಜಿ ಗಾಡಿಯಲ್ಲೇ ಉಳಿದಳು, ಮಗಳು ಇಳಿದಳು. ಅಪ್ಪನ ಜೊತೆಗೇ ಕಳಿಸೋಣವೆಂದು ತಂದಿದ್ದ ಉಳಿಯ ಚೀಲ ಅವಳ ಕೈಯಲ್ಲೇ ಇತ್ತು.

ಆ ಸಾಲಿನ ಮುಂದೆ ಕೂತು ಬೆರಳಿಟ್ಟು ಅಳೆದಳು. ಒತ್ತಿಲ್ಲದ ಹೆಸರುಗಳ ಕೆಳಗೆ ಒಂದು ಬೆರಳು ಜಾಗ. ಇಲ್ಲಿ ಎರಡು. ಒಂದು ಒತ್ತಿಗೆ ಎಷ್ಟು ಬೇಕೋ ಅಷ್ಟು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ನಲವತ್ತು ವರ್ಷ ಇದು ಕಣ್ಣೆದುರಿಗೇ ಇತ್ತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಚೀಲದಿಂದ ಸಣ್ಣ ಉಳಿ, ಸುತ್ತಿಗೆ ತೆಗೆದಳು.

“ಏನಮ್ಮ ಇದು? ಅರ್ಜಿ ಕೊಡಬೇಕು, ಮಂಜೂರಾಗಬೇಕು,” ಎಂದು ಕಾರ್ಯದರ್ಶಿ ಓಡಿ ಬಂದ.

“ಅರ್ಜಿ ಕೊಟ್ಟೋರು ಗಾಡೀಲಿ ಮಲಗಿದ್ದಾರೆ. ನಾಳೆ ಬಾ ಅಂತ ಅವರಿಗೇ ಹೇಳಿ ಹೋಗಿ.”

ಕಾರ್ಯದರ್ಶಿ ಕೈ ಚಾಚಿದ. ತಾಳ್ಕೋ ಎಂದಿದ್ದ ಚಿಕ್ಕಪ್ಪನೇ ನಡುವೆ ಬಂದು ನಿಂತ. ಸುತ್ತಿಗೆಯ ಸದ್ದು ಬಹಳ ಹೊತ್ತೇನೂ ಕೇಳಲಿಲ್ಲ.

ದರ್ಜಿ ಅಜ್ಜಿ ಗಾಡಿಯಿಂದ ಇಳಿದು ಬಂದಳು. ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟು, ಒಂದೊಂದೇ ಅಕ್ಷರ ಸವರುತ್ತಾ ಒತ್ತಿನವರೆಗೆ ಬಂದು ನಿಂತಳು. ಆಮೇಲೆ ಬಿಳಿ ಹುಡಿ ಹತ್ತಿದ ಆ ಬೆರಳನ್ನು ಎಲ್ಲಿಗೂ ತಾಗಿಸದೆ, ಹಾಗೇ ಎತ್ತಿ ಹಿಡಿದುಕೊಂಡು ಗಾಡಿ ಹತ್ತಿದಳು.